ಜ್ವರ ಬಿಟ್ಟ ಮೇಲಿನ ಎರಡು ದಿನ: ಡೆಂಗಿಯೋ, ಸಾಮಾನ್ಯ ವೈರಲ್ ಜ್ವರವೋ?

ಪ್ರಶ್ನೆ: ನಾವು ಶಿವಮೊಗ್ಗದವರು. ಹೋದ ತಿಂಗಳು ನನ್ನ ಹದಿಮೂರು ವರ್ಷದ ಮಗನಿಗೆ ಜ್ವರ ಬಂತು. ಎರಡನೆಯ ದಿನ ಮನೆಯ ಹತ್ತಿರದ ವೈದ್ಯರಿಗೆ ತೋರಿಸಿದೆವು. ‘ವೈರಲ್ ಜ್ವರ, ಈಗ ಎಲ್ಲ ಕಡೆ ಇದೆ’ ಎಂದು ಮಾತ್ರೆ ಕೊಟ್ಟು ಕಳಿಸಿದರು. ನಾಲ್ಕನೆಯ ದಿನ ಜ್ವರ ಪೂರ್ತಿ ಬಿಟ್ಟಿತು, ನಾವೂ ನಿಶ್ಚಿಂತರಾದೆವು. ಮರುದಿನ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ. ಕೈಕಾಲು ತಣ್ಣಗಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಡೆಂಗಿ ಎಂದರು, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 38 ಸಾವಿರಕ್ಕೆ ಇಳಿದಿತ್ತು. ದೇವರ ದಯೆಯಿಂದ ಗುಣವಾದ. ಈಗ ಆರು ವರ್ಷದ ಮಗಳಿಗೆ ನಿನ್ನೆಯಿಂದ ಜ್ವರ. ಇದು ಡೆಂಗಿಯೋ ಸಾಮಾನ್ಯ ಜ್ವರವೋ ಎಂದು ಮೊದಲ ದಿನವೇ ತಿಳಿಯುವ ದಾರಿ ಇಲ್ಲವೇ? ಮೊದಲು ನೋಡಿದ ವೈದ್ಯರು ತಪ್ಪು ಮಾಡಿದರೇ? ಮುಂಜಾಗ್ರತೆಗೆ ಪಪ್ಪಾಯಿ ಎಲೆಯ ರಸ ಕೊಡಬಹುದೇ?

ಉತ್ತರ: ಮೊದಲು ಮಗಳ ವಿಷಯ. ಅವಳನ್ನು ಇಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಒಳಗೆ ಹೋದ ಕೂಡಲೇ ‘ಇವಳ ಅಣ್ಣನಿಗೆ ಹೋದ ತಿಂಗಳು ಡೆಂಗಿ ಆಗಿತ್ತು’ ಎಂದು ಹೇಳಿ. ಈ ಒಂದು ಮಾತಿಗೆ ಅವಳ ಮೈಬಿಸಿ ಎಷ್ಟು ಡಿಗ್ರಿ ಎಂಬುದಕ್ಕಿಂತ ಹೆಚ್ಚಿನ ಬೆಲೆಯಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ದೂರ ಹಾರುವುದಿಲ್ಲ. ಹುಟ್ಟಿದ ಮನೆಯಲ್ಲಿ ಅಥವಾ ಅಕ್ಕಪಕ್ಕದಲ್ಲಿಯೇ ಅದರ ಬದುಕು. ರೋಗಿಯ ರಕ್ತ ಹೀರಿದ ಸೊಳ್ಳೆಯ ಮೈಯಲ್ಲಿ ವೈರಸ್ ಬೆಳೆದು, ಅದು ಮತ್ತೊಬ್ಬರಿಗೆ ಹರಡುವಂತಾಗಲು ಸುಮಾರು ಎಂಟರಿಂದ ಹನ್ನೆರಡು ದಿನ ಬೇಕು. ಕಚ್ಚಿಸಿಕೊಂಡವರಿಗೆ ಜ್ವರ ಕಾಣಿಸಿಕೊಳ್ಳಲು ಇನ್ನೂ ನಾಲ್ಕರಿಂದ ಹತ್ತು ದಿನ. ಎರಡನ್ನೂ ಕೂಡಿಸಿ ನೋಡಿ, ನಿಮ್ಮ ಮನೆಯ ಲೆಕ್ಕಕ್ಕೆ ಹೊಂದುತ್ತದೆ. ಆದ್ದರಿಂದ ಅಲ್ಲವೆಂದು ಖಚಿತವಾಗುವವರೆಗೂ ಇದನ್ನು ಡೆಂಗಿ ಎಂದೇ ಭಾವಿಸಿ ನಡೆದುಕೊಳ್ಳಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕಣ್ಣಿನಿಂದ ನೋಡಿ, ಮೈ ಮುಟ್ಟಿ, ಮೊದಲ ದಿನವೇ ಡೆಂಗಿ ಎಂದು ಖಚಿತವಾಗಿ ಹೇಳುವ ಲಕ್ಷಣ ಯಾವುದೂ ಇಲ್ಲ. ಡೆಂಗಿಯೂ ವೈರಸ್ಸಿನಿಂದಲೇ ಬರುವ ಜ್ವರ. ಮೊದಲ ಎರಡು ದಿನ ಅದು ಉಳಿದ ಹತ್ತಾರು ವೈರಲ್ ಜ್ವರಗಳ ಹಾಗೆಯೇ ಇರುತ್ತದೆ. ಅನುಭವಿ ವೈದ್ಯರಿಗೂ ಆಗ ಅನುಮಾನವಷ್ಟೇ ಸಾಧ್ಯ. ಹಾಗಾಗಿ ನಿಮ್ಮ ಮಗನನ್ನು ನೋಡಿದವರು ಎರಡನೆಯ ದಿನ ‘ವೈರಲ್’ ಎಂದದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ‘ಜ್ವರ ಬಿಟ್ಟ ದಿನ ಮರೆಯದೆ ಬಂದು ತೋರಿಸಿ’ ಎಂಬ ಒಂದು ಮಾತನ್ನು ಅವರು ಸೇರಿಸಬೇಕಿತ್ತು. ಮಳೆಗಾಲದಲ್ಲಿ ಜ್ವರದ ರೋಗಿಯನ್ನು ಆ ಮಾತು ಹೇಳದೆ ಕಳಿಸಬಾರದು. ಈ ಉತ್ತರದ ಉಳಿದ ಭಾಗವೆಲ್ಲ ಅದು ಏಕೆ ಅಷ್ಟು ಮುಖ್ಯ ಎಂಬುದರ ವಿವರಣೆ.

ಅನುಮಾನ ಹುಟ್ಟಿಸುವ ಗುರುತುಗಳು ಮಾತ್ರ ಇವೆ. ಮೂಗು ಸೋರುವುದು, ಸೀನು, ಗಂಟಲು ಕೆರೆತ, ಕೆಮ್ಮು ಇವೆಲ್ಲ ಜೋರಾಗಿದ್ದು ಜ್ವರ ಸಾಧಾರಣವಾಗಿದ್ದರೆ ಅದು ಶೀತದ ವೈರಸ್ಸೋ ಫ್ಲೂ ಜ್ವರವೋ ಇರುವ ಸಾಧ್ಯತೆ ಹೆಚ್ಚು. ಡೆಂಗಿಯಲ್ಲಿ ಜ್ವರ ದಿಢೀರನೆ 103, 104 ಡಿಗ್ರಿಗೆ ಏರುತ್ತದೆ. ಹಣೆ ಸಿಡಿಯುತ್ತದೆ, ಕಣ್ಣುಗುಡ್ಡೆ ಹೊರಳಿಸಿದರೆ ಹಿಂಭಾಗದಲ್ಲಿ ನೋವು, ಸೊಂಟ ಮತ್ತು ಮೈಕೈ ಕುಟ್ಟಿಹಾಕಿದಂತೆ ನೋವು, ಮುಖ ಕೆಂಪೇರಿರುತ್ತದೆ, ಊಟ ಸೇರುವುದಿಲ್ಲ, ವಾಕರಿಕೆ. ಆದರೆ ಚಿಕ್ಕ ಮಕ್ಕಳಲ್ಲಿ ಈ ವಿಂಗಡಣೆ ಕೈಕೊಡುತ್ತದೆ. ಡೆಂಗಿ ಇದ್ದೂ ಗಂಟಲು ಕೆಂಪಾಗಿರಬಹುದು, ತುಸು ಶೀತವೂ ಇರಬಹುದು. ಕಣ್ಣಿನ ಹಿಂದೆ ನೋವು ಎಂದು ಆರು ವರ್ಷದ ಮಗು ಹೇಳುವುದೂ ಇಲ್ಲ. ಸುಮ್ಮನೆ ಮುದುರಿಕೊಂಡು ಮಲಗುತ್ತದೆ, ಅಷ್ಟೆ. ‘ಮೂಗು ಸೋರುತ್ತಿದೆ, ಹಾಗಾಗಿ ಡೆಂಗಿ ಅಲ್ಲ’ ಎಂದು ಮನೆಯಲ್ಲಿಯೇ ತೀರ್ಮಾನ ಮಾಡಿಬಿಡಬೇಡಿ.

ವೈದ್ಯರ ಕೊಠಡಿಯಲ್ಲಿ ಐದು ನಿಮಿಷದಲ್ಲಿ ಮುಗಿಯುವ ಒಂದು ಹಳೆಯ ಪರೀಕ್ಷೆಯಿದೆ, ಈಚೆಗೆ ಅದನ್ನು ಮಾಡುವವರು ಕಡಿಮೆಯಾಗಿದ್ದಾರೆ. ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ, ಮೇಲಿನ ಮತ್ತು ಕೆಳಗಿನ ಒತ್ತಡದ ನಡುವಿನ ಅಂಕಿಗೆ ಗಾಳಿ ತುಂಬಿ ಐದು ನಿಮಿಷ ಹಾಗೆಯೇ ಬಿಡುತ್ತಾರೆ. ಪಟ್ಟಿ ಬಿಚ್ಚಿ ಒಂದೆರಡು ನಿಮಿಷ ತಡೆದು, ಮೊಣಕೈ ಮಡಿಕೆಯ ಕೆಳಗೆ ಒಂದು ಚದರ ಇಂಚಿನಷ್ಟು ಜಾಗದಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆಗಳನ್ನು ಎಣಿಸುತ್ತಾರೆ. ಹತ್ತು ಅಥವಾ ಹೆಚ್ಚು ಇದ್ದರೆ ಡೆಂಗಿಯ ಅನುಮಾನ ಬಲಗೊಳ್ಳುತ್ತದೆ. ಈ ಚುಕ್ಕೆಗಳು ಬೆರಳಿನಿಂದ ಒತ್ತಿದರೂ ಮಾಯವಾಗುವುದಿಲ್ಲ. ಬೆವರುಸಾಲೆ, ಸೊಳ್ಳೆ ಕಡಿತದ ಕೆಂಪು ಒತ್ತಿದಾಗ ಬಿಳಿಚುತ್ತದೆ. ಈ ಒತ್ತಿ ನೋಡುವ ಕೆಲಸವನ್ನು ಮನೆಯಲ್ಲಿ ನೀವೂ ಮಾಡಬಹುದು. ಚುಕ್ಕೆ ಏಳಲಿಲ್ಲವೆಂದ ಮಾತ್ರಕ್ಕೆ ಡೆಂಗಿ ಇಲ್ಲ ಎಂದಲ್ಲ.

ರಕ್ತ ಪರೀಕ್ಷೆಗೆ ಬರೋಣ. ಇಲ್ಲಿ ಯಾವ ದಿನ ಯಾವ ಪರೀಕ್ಷೆ ಎಂಬುದು ತಿಳಿಯದೆ ಎಷ್ಟೋ ಜನ ಮೋಸಹೋಗುತ್ತಾರೆ. ಮೊದಲ ಐದು ದಿನಗಳಲ್ಲಿ ರಕ್ತದಲ್ಲಿ ವೈರಸ್ಸಿನದೇ ಒಂದು ಪ್ರೋಟೀನು ಸಿಗುತ್ತದೆ, ಎನ್‌ಎಸ್‌1 ಪರೀಕ್ಷೆ ಹುಡುಕುವುದು ಅದನ್ನು. ವೈರಸ್ಸಿನ ವಿರುದ್ಧ ನಮ್ಮ ದೇಹ ತಯಾರಿಸುವ ಐಜಿಎಂ ಪ್ರತಿಕಾಯ ಸಾಮಾನ್ಯವಾಗಿ ಐದನೆಯ ದಿನದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಎರಡನೆಯ ದಿನ ಐಜಿಎಂ ಮಾಡಿಸಿ ‘ನೆಗೆಟಿವ್’ ಬಂತೆಂದು ನಿಟ್ಟುಸಿರು ಬಿಟ್ಟರೆ ಅದಕ್ಕೆ ಅರ್ಥವಿಲ್ಲ. ಏಳನೆಯ ದಿನ ಎನ್‌ಎಸ್‌1 ನೆಗೆಟಿವ್ ಬಂದರೂ ಅಷ್ಟೇ. ಹಿಂದೊಮ್ಮೆ ಡೆಂಗಿ ಆಗಿದ್ದವರಲ್ಲಿ ಎನ್‌ಎಸ್‌1 ಸಕಾಲದಲ್ಲಿ ಮಾಡಿಸಿದರೂ ತಪ್ಪಿಹೋಗುವುದುಂಟು. ಕಾಲು ಗಂಟೆಯಲ್ಲಿ ಗೆರೆ ತೋರಿಸುವ ರ‍್ಯಾಪಿಡ್ ಕಾರ್ಡ್‌ಗಿಂತ ಪ್ರಯೋಗಾಲಯದಲ್ಲಿ ಮಾಡುವ ಎಲೈಸಾ ವಿಧಾನ ಹೆಚ್ಚು ನಂಬಿಕೆಗೆ ಅರ್ಹ. ಸರ್ಕಾರದ ಲೆಕ್ಕದಲ್ಲಿಯೂ ಖಚಿತ ಪ್ರಕರಣ ಎನಿಸಿಕೊಳ್ಳಲು ಕಾರ್ಡ್ ಸಾಲದು, ಎಲೈಸಾ ಬೇಕು. 2024ರಲ್ಲಿ ರಾಜ್ಯದಲ್ಲಿ ಡೆಂಗಿ ವಿಪರೀತ ಹೆಚ್ಚಿದಾಗ ಸರ್ಕಾರ ಖಾಸಗಿ ಪ್ರಯೋಗಾಲಯಗಳಿಗೆ ದರದ ಮಿತಿ ಹಾಕಿತು: ಎಲೈಸಾ ಎನ್‌ಎಸ್‌1ಗೆ 300 ರೂಪಾಯಿ, ಐಜಿಎಂಗೆ 300, ಕಾರ್ಡ್‌ಗೆ 250. ಜಿಲ್ಲಾ ಆಸ್ಪತ್ರೆಯಲ್ಲಿ ಎಲೈಸಾ ಸೌಲಭ್ಯ ಇರುತ್ತದೆ, ಮೊದಲು ಅಲ್ಲಿ ವಿಚಾರಿಸಿ.

ಆದರೆ ನಾನು ಹೆಚ್ಚು ನೆಚ್ಚುವುದು ಎಲ್ಲ ಊರಿನಲ್ಲಿಯೂ ಆಗುವ ಸಾದಾ ಸಿಬಿಸಿಯನ್ನು, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆಯನ್ನು. ಅದರ ಹಾಳೆಯಲ್ಲಿ ಎಲ್ಲರ ಕಣ್ಣು ಪ್ಲೇಟ್‌ಲೆಟ್ ಸಾಲಿಗೆ ನೆಡುತ್ತದೆ. ನೀವು ಇನ್ನೂ ಎರಡು ಸಾಲು ನೋಡಬೇಕು. ಒಂದು, ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆ. ಜ್ವರ 103 ಇದ್ದೂ ಅದು 5,000ಕ್ಕಿಂತ ಕೆಳಗೆ ಜಾರಿದ್ದರೆ ಡೆಂಗಿಯನ್ನು ನೆನೆಯಬೇಕು. ಪ್ಲೇಟ್‌ಲೆಟ್ ಕುಸಿಯುವ ಮುನ್ನವೇ ಈ ಇಳಿತ ಕಾಣಿಸಿಕೊಳ್ಳುತ್ತದೆ. ಫ್ಲೂ ಜ್ವರದಲ್ಲಿಯೂ ಇದು ಇಳಿಯಬಹುದು, ಆದ್ದರಿಂದ ಇದೊಂದೇ ಸಾಕ್ಷಿಯಲ್ಲ. ಇನ್ನೊಂದು ಹಿಮಾಟೊಕ್ರಿಟ್, ಕೆಲವು ವರದಿಗಳಲ್ಲಿ ಪಿಸಿವಿ ಎಂದಿರುತ್ತದೆ. ರಕ್ತದಲ್ಲಿ ಕೆಂಪು ಕಣಗಳು ಶೇಕಡಾ ಎಷ್ಟು ಜಾಗ ತುಂಬಿವೆ ಎಂಬ ಅಳತೆ ಅದು. ಡೆಂಗಿಯಲ್ಲಿ ಮಕ್ಕಳ ಜೀವಕ್ಕೆ ಬರುವ ಅಪಾಯದ ಮುನ್ಸೂಚನೆ ಈ ಸಾಲಿನಲ್ಲಿರುತ್ತದೆ.

ಆ ಅಪಾಯ ಏನೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮಗನಿಗೆ ಆದದ್ದು ಅದೇ. ಡೆಂಗಿ ಮೂರು ಹಂತದಲ್ಲಿ ನಡೆಯುವ ಕಾಯಿಲೆ. ಮೊದಲ ಮೂರರಿಂದ ಐದು ದಿನ ಜ್ವರದ ಹಂತ, ಹೆಚ್ಚೆಂದರೆ ಏಳು ದಿನ. ಜ್ವರ ಇಳಿಯುವ ಹೊತ್ತಿಗೆ, ಅಂದರೆ ಮೂರರಿಂದ ಏಳನೆಯ ದಿನದ ನಡುವೆ, ಕೆಲವರಲ್ಲಿ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ರಕ್ತದ ನೀರಿನಂಶವಾದ ಪ್ಲಾಸ್ಮಾ ನಾಳದಿಂದ ಹೊರಗೆ, ಎದೆಗೂಡಿಗೆ ಮತ್ತು ಹೊಟ್ಟೆಯೊಳಕ್ಕೆ ಸೋರುತ್ತದೆ. ಅನ್ನ ಬಸಿದಾಗ ತಿಳಿ ಹೋಗಿ ಅಗುಳು ಉಳಿಯುವಂತೆ, ನಾಳದೊಳಗೆ ಕಣಗಳು ಉಳಿದು ರಕ್ತ ಗಟ್ಟಿಯಾಗುತ್ತದೆ. ಹಿಮಾಟೊಕ್ರಿಟ್ ಏರುವುದು ಇದಕ್ಕೇ. 36 ಇದ್ದದ್ದು 43 ಆಯಿತೆಂದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಏರಿತು ಎಂದರ್ಥ. ಅಷ್ಟು ಏರಿಕೆ ಗಣನೀಯ ಸೋರಿಕೆಯ ಗುರುತು. ಈ ಸೋರಿಕೆ ಇಪ್ಪತ್ನಾಲ್ಕರಿಂದ ನಲವತ್ತೆಂಟು ಗಂಟೆ ನಡೆದು ತಾನಾಗಿ ನಿಲ್ಲುತ್ತದೆ. ಆ ಎರಡು ದಿನ ರಕ್ತನಾಳದಲ್ಲಿ ದ್ರವ ಕಡಿಮೆಯಾಗದಂತೆ ಅಳತೆಯಿಂದ ಸಲೈನ್ ಕೊಟ್ಟು ದಾಟಿಸಿದರೆ ಮಗು ಉಳಿಯುತ್ತದೆ. ಡೆಂಗಿಗೆ ಇರುವ ಚಿಕಿತ್ಸೆಯ ಸಾರ ಇಷ್ಟೇ, ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ.

ಈ ಕಾಯಿಲೆಯ ಕ್ರೌರ್ಯ ಇರುವುದು ಈ ಹೊತ್ತುಗೊತ್ತಿನಲ್ಲಿಯೇ. ಮೈ ತಣ್ಣಗಾಯಿತು, ಮಗು ಕಣ್ಣು ಬಿಟ್ಟು ಮಾತಾಡಿತು ಎಂದು ಮನೆಯವರು ಸಮಾಧಾನಪಡುವ ಗಳಿಗೆಯಲ್ಲಿಯೇ ಸೋರಿಕೆ ಶುರುವಾಗುತ್ತದೆ. ಸಾಮಾನ್ಯ ವೈರಲ್ ಜ್ವರಕ್ಕೂ ಡೆಂಗಿಗೂ ನಾನು ಕಾಣುವ ದೊಡ್ಡ ವ್ಯತ್ಯಾಸ ಇದು. ಸಾಮಾನ್ಯ ಜ್ವರ ಬಿಟ್ಟರೆ ಮಗುವಿಗೆ ಹಸಿವಾಗುತ್ತದೆ, ಎದ್ದು ಆಡುತ್ತದೆ. ಡೆಂಗಿ ಕೆಡುವ ಹಾದಿಯಲ್ಲಿದ್ದರೆ ಜ್ವರ ಬಿಟ್ಟ ಮೇಲೆ ಮಗು ಇನ್ನಷ್ಟು ಸೊರಗುತ್ತದೆ. ಜ್ವರ ಬಿಟ್ಟ ದಿನ ಮಗು ಹೇಗಿದೆ ಎಂಬುದು ಜ್ವರ ಇದ್ದ ದಿನ ಹೇಗಿತ್ತು ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ.

ಆಗ ನೋಡಬೇಕಾದವು: ಬಿಡದ ಹೊಟ್ಟೆನೋವು, ಅದರಲ್ಲಿಯೂ ಬಲಗಡೆ ಪಕ್ಕೆಲುಬಿನ ಕೆಳಗೆ ಮುಟ್ಟಗೊಡದ ನೋವು. ದಿನದಲ್ಲಿ ಮೂರು ಬಾರಿಗಿಂತ ಹೆಚ್ಚು ವಾಂತಿ. ಒಸಡು, ಮೂಗಿನಲ್ಲಿ ರಕ್ತ, ಡಾಂಬರಿನ ಬಣ್ಣದ ಮಲ. ವಿಪರೀತ ಮಂಪರು, ಇಲ್ಲವೇ ಕಾರಣವಿಲ್ಲದೆ ಚಡಪಡಿಕೆ, ರಂಪ. ಆರು ಗಂಟೆ ಕಳೆದರೂ ಮೂತ್ರ ಹೋಗದಿರುವುದು. ಅಂಗೈ ಅಂಗಾಲು ತಣ್ಣಗೆ, ಬೆವರಿನಿಂದ ಅಂಟಂಟು. ಉಗುರನ್ನು ಒತ್ತಿ ಬಿಟ್ಟಾಗ ಬಿಳಿಚಿದ ಬಣ್ಣ ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿ ಎರಡು ಗಂಟೆಯಾದರೂ ಹೊರಡಿ.

ರಕ್ತದೊತ್ತಡದ ಬಗೆಗೂ ಒಂದು ಮಾತು. ಸೋರಿಕೆ ಇರುವಾಗ ಮೇಲಿನ ಅಂಕಿ ಬಹಳ ಹೊತ್ತು ಬೀಳುವುದಿಲ್ಲ, ಕೆಳಗಿನ ಅಂಕಿ ಏರುತ್ತಾ ಬರುತ್ತದೆ. 100/65 ಇದ್ದದ್ದು 100/80 ಆದರೆ ನೋಡಿದವರಿಗೆ ‘ಬಿಪಿ ಸರಿಯಾಗಿಯೇ ಇದೆ’ ಎನಿಸುತ್ತದೆ. ಎರಡು ಅಂಕಿಗಳ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾಯಿತೆಂದರೆ ಮಗು ಆಘಾತದ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದೆ ಕುಸಿಯುವ ಸ್ಥಿತಿಯ, ಅಂಚಿನಲ್ಲಿದೆ. ಇಂಥ ಮಗು ಎಚ್ಚರವಾಗಿಯೇ ಇದ್ದು, ಕೇಳಿದ್ದಕ್ಕೆ ಉತ್ತರವನ್ನೂ ಕೊಡಬಹುದು. ಅದನ್ನು ನೋಡಿ ಮೈಮರೆಯಬಾರದು.

ಪ್ಲೇಟ್‌ಲೆಟ್ ಬಗ್ಗೆ ಜನರಲ್ಲಿರುವ ಭಯ ನನಗೆ ಅರ್ಥವಾಗುತ್ತದೆ, ಆದರೆ ಅದು ತಪ್ಪು ಜಾಗದಲ್ಲಿ ನಿಂತ ಭಯ. ಒಂದೂವರೆ ಲಕ್ಷಕ್ಕಿಂತ ಕಡಿಮೆಯಾದ ಕೂಡಲೇ ರಕ್ತನಿಧಿಗಳ ಮುಂದೆ ಓಡಾಟ, ವಾಟ್ಸ್‌ಆ್ಯಪ್‌ನಲ್ಲಿ ದಾನಿಗಳಿಗಾಗಿ ಮೊರೆ ಶುರುವಾಗುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ಸಹಜ, ಸೋರಿಕೆಯ ಹಂತ ದಾಟಿದ ಮೇಲೆ ಅದು ತಾನಾಗಿಯೇ ಏರುತ್ತದೆ. ರಕ್ತಸ್ರಾವ ಇಲ್ಲದಿದ್ದರೆ ಬರೀ ಅಂಕಿ ನೋಡಿ ದಾನಿಗಳ ಪ್ಲೇಟ್‌ಲೆಟ್ ಕೊಡಿಸುವುದರಿಂದ ಲಾಭವಿಲ್ಲ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ನಡೆಸಿ 2017ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. 20 ಸಾವಿರ ಅಥವಾ ಅದಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಇದ್ದ ವಯಸ್ಕ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮುಂಚಿತವಾಗಿ ಪ್ಲೇಟ್‌ಲೆಟ್ ಕೊಟ್ಟರೂ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು. ನಿಮ್ಮ ಮಗನನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದದ್ದು 38 ಸಾವಿರ ಎಂಬ ಅಂಕಿಯಿಂದಲ್ಲ, ವಾಂತಿ, ಹೊಟ್ಟೆನೋವು ಮತ್ತು ತಣ್ಣಗಾದ ಕೈಕಾಲುಗಳಿಂದ. ಪ್ಲೇಟ್‌ಲೆಟ್ 90 ಸಾವಿರ ಇರುವಾಗಲೇ ಸೋರಿಕೆಯಿಂದ ಕುಸಿಯುವ ಮಕ್ಕಳಿದ್ದಾರೆ. 25 ಸಾವಿರ ಇದ್ದೂ ಹಾಸಿಗೆಯ ಮೇಲೆ ಕುಳಿತು ಇಡ್ಲಿ ತಿನ್ನುವವರೂ ಇದ್ದಾರೆ.

ಪಪ್ಪಾಯಿ ಎಲೆಯ ವಿಷಯ ಇದರ ಬೆನ್ನಿಗೇ ಬರುತ್ತದೆ. ಅದರಿಂದ ಪ್ಲೇಟ್‌ಲೆಟ್ ತುಸು ಬೇಗ ಏರಬಹುದು ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಆದರೆ ಪ್ಲಾಸ್ಮಾ ಸೋರಿಕೆಯನ್ನು ಅದು ತಡೆಯುತ್ತದೆ, ಸಾವನ್ನು ತಪ್ಪಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆ ಕಹಿಯನ್ನು ಜ್ವರದ ಮಗುವಿನ ಗಂಟಲಿಗೆ ಹೊಯ್ದರೆ ಕುಡಿದ ಗಂಜಿಯೂ ಹೊರಬರುತ್ತದೆ. ಆ ವಾಂತಿ ರಸದ್ದೋ ಡೆಂಗಿಯದೋ ಎಂಬ ಗೊಂದಲ ಬೇರೆ. ನಿಮ್ಮ ಮಗಳಿಗೆ ಕೊಡಬೇಡಿ.

ಕೊಡಬೇಕಾದದ್ದು ದ್ರವ. ಇಪ್ಪತ್ತು ಕಿಲೊ ತೂಕದ ಮಗುವಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಬೇಕಾಗುತ್ತದೆ. ಒಮ್ಮೆಲೇ ಲೋಟ ತುಂಬ ಬೇಡ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು. ಬರೀ ನೀರನ್ನೇ ಕುಡಿಸುತ್ತಾ ಹೋದರೆ ರಕ್ತದ ಸೋಡಿಯಂ ಇಳಿಯಬಹುದು. ಉಪ್ಪು ಬೆರೆಸಿದ ಗಂಜಿ, ಮಜ್ಜಿಗೆ, ಬೇಳೆಕಟ್ಟು, ಎಳನೀರು, ಒಆರ್‌ಎಸ್ ಇವೆಲ್ಲ ಆಗಬಹುದು. ಒಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಬೆರೆಸಬೇಕು, ಲೋಟಕ್ಕೆ ಚಿಟಿಕೆ ಹಾಕುವುದಲ್ಲ. ಬೀಟ್‌ರೂಟ್, ದಾಳಿಂಬೆಯ ರಸ ಸದ್ಯಕ್ಕೆ ಬೇಡ. ವಾಂತಿಯಾದಾಗ ಅದು ರಕ್ತವೋ ರಸವೋ ತಿಳಿಯುವುದಿಲ್ಲ.

ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ. ಕಿಲೊ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕು ಬಾರಿ ಮೀರದಂತೆ. ಇಪ್ಪತ್ತು ಕಿಲೊಗೆ ಒಂದು ಬಾರಿಗೆ 200ರಿಂದ 300 ಮಿಲಿಗ್ರಾಂ. ಸಿರಪ್ ಬಾಟಲಿಗಳಲ್ಲಿ 5 ಮಿಲಿಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಚೀಟಿ ಓದದೆ ಚಮಚ ಎಣಿಸಬೇಡಿ. ಜ್ವರ ಬೇಗ ಇಳಿಯಲಿ ಎಂದು ಔಷಧದ ಅಂಗಡಿಯಲ್ಲಿ ಕೊಡುವ ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್, ಡೈಕ್ಲೊಫೆನಾಕ್, ಆಸ್ಪಿರಿನ್ ಯಾವುದೂ ಬೇಡ. ಇವು ಹೊಟ್ಟೆಯೊಳಗೆ ರಕ್ತಸ್ರಾವ ತರಬಲ್ಲವು. ಪ್ಯಾರಸಿಟಮಾಲ್ ಜೊತೆಗೆ ಇವನ್ನು ಬೆರೆಸಿದ ಸಿರಪ್‌ಗಳೂ ಇವೆ, ಹೆಸರಿನ ಕೆಳಗಿನ ಸಣ್ಣ ಅಕ್ಷರ ನೋಡಿ. ಸೊಂಟಕ್ಕೆ ಜ್ವರದ ಇಂಜೆಕ್ಷನ್ ಹಾಕಿಸುವುದೂ ಬೇಡ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಸೂಜಿ ಚುಚ್ಚಿದ ಜಾಗದಲ್ಲಿ ಮಾಂಸದೊಳಗೆ ರಕ್ತ ಹೆಪ್ಪುಗಟ್ಟುತ್ತದೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಜ್ವರ ಬಂದ ದಿನ ಮತ್ತು ಹೊತ್ತನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಯಾವ ಪರೀಕ್ಷೆ, ಯಾವ ಎಚ್ಚರ ಎಂಬುದೆಲ್ಲ ಆ ದಿನದಿಂದ ಎಣಿಸುವ ಲೆಕ್ಕ. ಅದರ ಕೆಳಗೆ ಪ್ರತಿ ಆರು ಗಂಟೆಗೆ ಮೈಬಿಸಿ ಎಷ್ಟು, ಕುಡಿದದ್ದು ಎಷ್ಟು, ಮೂತ್ರ ಎಷ್ಟು ಬಾರಿ, ವಾಂತಿ ಆಯಿತೇ, ಇಷ್ಟು ಸಾಕು. ವೈದ್ಯರ ಬಳಿ ಹೋದಾಗ ಆ ಪುಟವನ್ನು ಅವರ ಮುಂದಿಡಿ. ಮಗಳಿಗೆ ನಾಳೆ ಎರಡನೆಯ ದಿನವೋ ಮೂರನೆಯ ದಿನವೋ ಎಂಬ ಗೊಂದಲವೇ ಉಳಿಯುವುದಿಲ್ಲ. ಇಂದು ಎನ್‌ಎಸ್‌1 ಮತ್ತು ಸಿಬಿಸಿ ಮಾಡಿಸಿದರೆ ಇಂದಿನ ಹಿಮಾಟೊಕ್ರಿಟ್ ಮುಂದಿನ ಹೋಲಿಕೆಗೆ ಬುನಾದಿಯಾಗುತ್ತದೆ. ಮೂರನೆಯ ದಿನದಿಂದ ಜ್ವರ ಬಿಟ್ಟು ಎರಡು ದಿನ ಕಳೆಯುವವರೆಗೆ ದಿನಕ್ಕೊಮ್ಮೆ ಸಿಬಿಸಿ ಮಾಡಿಸಲು ವೈದ್ಯರು ಹೇಳಬಹುದು. ಅದು ದುಡ್ಡಿನ ಆಸೆಯ ಸಲಹೆಯಲ್ಲ, ಒಪ್ಪಿಕೊಳ್ಳಿ.

ನೀವು ಮಲೆನಾಡಿನವರಾದ್ದರಿಂದ ಇನ್ನೊಂದು ಮಾತು. ಪ್ಲೇಟ್‌ಲೆಟ್ ಇಳಿಸುವ ಜ್ವರ ಡೆಂಗಿ ಮಾತ್ರವಲ್ಲ. ಗದ್ದೆ, ಕೆಸರಿನಲ್ಲಿ ಓಡಾಡಿದವರಿಗೆ ಮಳೆಗಾಲದಲ್ಲಿ ಇಲಿ ಜ್ವರ ಬರುತ್ತದೆ, ಮೀನಖಂಡದಲ್ಲಿ ಬಲವಾದ ನೋವು, ಕಣ್ಣು ಕೆಂಪು. ಅದಕ್ಕೆ ಆ್ಯಂಟಿಬಯಾಟಿಕ್ ಬೇಕು, ತಡವಾದರೆ ಮೂತ್ರಪಿಂಡಕ್ಕೆ ಪೆಟ್ಟು. 1957ರಲ್ಲಿ ನಿಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸು ಡೆಂಗಿ ವೈರಸ್ಸಿನ ಕುಟುಂಬದ್ದೇ. ಅದು ಉಣುಗಿನಿಂದ ಬರುವಂಥದ್ದು, ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಕಾಡಿಗೆ ಹೋಗಿದ್ದರೆ, ಸತ್ತ ಮಂಗ ಕಂಡಿದ್ದರೆ ವೈದ್ಯರಿಗೆ ತಿಳಿಸಿ. ಮೈ ಮಡಿಕೆಗಳಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದ್ದರೆ ಅದು ಸ್ಕ್ರಬ್ ಟೈಫಸ್ ಎಂಬ ಬೇರೊಂದು ಜ್ವರ ಆಗಿರಬಹುದು. ಕೀಲುಗಳು ಊದಿ ಹೆಜ್ಜೆಯಿಡಲಾಗದಿದ್ದರೆ ಚಿಕೂನ್‌ಗುನ್ಯಾ.

ಮಗಳನ್ನು ಹಗಲಿನಲ್ಲಿಯೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಈಡಿಸ್ ಕಚ್ಚುವುದು ಹಗಲು, ಅದರಲ್ಲಿಯೂ ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುನ್ನ. ಜ್ವರದ ಮೊದಲ ಐದು ದಿನ ಅವಳನ್ನು ಕಚ್ಚಿದ ಸೊಳ್ಳೆ ಮುಂದೆ ನಿಮ್ಮನ್ನೂ ನೆರೆಯವರನ್ನೂ ಕಚ್ಚುತ್ತದೆ. ಇಂದೇ ಮನೆಯ ಡ್ರಮ್ಮು, ಸಿಮೆಂಟ್ ತೊಟ್ಟಿ ಖಾಲಿ ಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆಯಿರಿ. ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತವೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗುವುದಿಲ್ಲ. ಫ್ರಿಜ್ ಹಿಂದಿನ ತಟ್ಟೆ, ಎಳನೀರಿನ ಬುರುಡೆ, ತೋಟವಿದ್ದರೆ ಬಿದ್ದ ಅಡಿಕೆ ಹಾಳೆಗಳಲ್ಲಿ ನಿಂತ ನೀರು ಇವನ್ನೂ ನೋಡಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಈ ಕೆಲಸ ತಪ್ಪಿಸಬೇಡಿ.

ಕೊನೆಗೆ ಮಗನ ವಿಷಯ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯದು ಬಂದು ಹೋದರೆ ಆ ಬಗೆಯಿಂದ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಬೇರೆ ಬಗೆಗಳಿಂದ ಕೆಲವು ತಿಂಗಳಷ್ಟೇ. ಆಮೇಲೆ ಇನ್ನೊಂದು ಬಗೆ ತಗಲಿದರೆ ಎರಡನೆಯ ಸಲದ ಡೆಂಗಿ ತೀವ್ರವಾಗುವ ಸಾಧ್ಯತೆ ಮೊದಲಿಗಿಂತ ಹೆಚ್ಚು. ಹಾಗಾಗಿ ಅವನ ಡಿಸ್ಚಾರ್ಜ್ ಪತ್ರವನ್ನು ಜೋಪಾನವಾಗಿಡಿ, ಒಂದು ಫೋಟೊ ತೆಗೆದು ಮೊಬೈಲ್‌ನಲ್ಲಿಯೂ ಇಟ್ಟುಕೊಳ್ಳಿ. ಮುಂದೆ ಅವನು ಓದಲು ಬೇರೆ ಊರಿಗೆ ಹೋಗಿ ಹಾಸ್ಟೆಲಿನಲ್ಲಿದ್ದಾಗ ಜ್ವರ ಬಂದರೆ, ತನಗೆ ಹದಿಮೂರನೆಯ ವಯಸ್ಸಿನಲ್ಲಿ ಡೆಂಗಿ ಆಗಿತ್ತು ಎಂದು ಅಲ್ಲಿಯ ವೈದ್ಯರಿಗೆ ತಾನೇ ಹೇಳಬೇಕೆಂಬುದನ್ನು ಅವನಿಗೆ ಈಗಲೇ ತಿಳಿಸಿಕೊಡಿ.